1997ರ ಆ ಮೌನ

ನಿನ್ನೆ ರಾತ್ರಿ ಸುಮ್ನೆ ಆಪಲ್‌ನ ಡೆವಲಪರ್ ಸಮ್ಮೇಳನದ ಹಳೇ ವಿಡಿಯೋ ನೋಡುತ್ತಾ ಕೂತೆ. 2007ರ ಹೊತ್ತಿಗೆ ಐಫೋನ್ ಸಡಗರ, 2014ರಲ್ಲಿ ಸ್ವಿಫ್ಟ್ ಭಾಷೆ, 2020ರಿಂದ ಆನ್‌ಲೈನ್. ಎಲ್ಲಾ ಗೊತ್ತಿದ್ದದ್ದೇ. ಆದರೆ 1997ರದ್ದನ್ನು ಎರಡು ಸಲ ನೋಡಿದೆ.

ಆಗ ಕಂಪನಿ ಮುಳುಗುವ ಹಾಗಿತ್ತು. ಬೇರೆ ಬೇರೆ ಪ್ರೋಗ್ರಾಮ್‌ಗಳ ಭಾಗಗಳನ್ನು ಒಂದೇ ಕಡತದಲ್ಲಿ ಸೇರಿಸುವ ಓಪನ್‌ಡಾಕ್ ಅನ್ನೋ ತನ್ನ ತಂತ್ರಜ್ಞಾನವನ್ನು ಕೈಬಿಟ್ಟಿತ್ತು. ಸಭಿಕರೊಬ್ಬರು ಸ್ಟೀವ್ ಜಾಬ್ಸ್‌ಗೆ ಮುಖಕ್ಕೆ ಹೊಡೆದ ಹಾಗೆ ಕೇಳುತ್ತಾರೆ: ಓಪನ್‌ಡಾಕ್‌ ಮಾಡುತ್ತಿದ್ದುದನ್ನು ಜಾವಾ ಪ್ರೋಗ್ರಾಮಿಂಗ್ ಭಾಷೆ ಹೇಗೆ ಮಾಡುತ್ತೆ? ಕಳೆದ ಏಳು ವರ್ಷ ನೀವೇನು ಮಾಡುತ್ತಿದ್ದಿರಿ? ಜಾಬ್ಸ್ ಸ್ಟೂಲ್ ಮೇಲೆ ಕೂತು ಒಂದು ಗುಟುಕು ನೀರು ಕುಡಿಯುತ್ತಾರೆ. ಸುಮಾರು ಹೊತ್ತು ಮಾತಿಲ್ಲ. ಆಮೇಲೆ, ಇವರು ಹೇಳುವುದರಲ್ಲಿ ಸತ್ಯ ಇದೆ ಅಂತ ಒಪ್ಪಿಕೊಂಡು, ಬಳಸುವವರಿಂದ ಶುರು ಮಾಡಿ ತಂತ್ರಜ್ಞಾನದ ಕಡೆ ಬರಬೇಕು ಅನ್ನುತ್ತಾರೆ.

ಉತ್ತರ ಸರಿ ಅನ್ನಿಸಿತು. ಆದರೂ ಮನಸ್ಸು ಆ ಓಪನ್‌ಡಾಕ್ ಬರೆದವರ ಕಡೆಗೇ ಹೋಯಿತು. ವರ್ಷಗಟ್ಟಲೆ ಬರೆದ ಕೋಡ್ ಅಲ್ವಾ ಅದು.