ಬಾಯಲ್ಲಿ ಕೇಳಬೇಡಿ, ಬರೆದು ಕೊಡಿ

ನನ್ನ ಎಡಗಾಲಿಗೆ ಪೋಲಿಯೋ. ಕ್ಯಾಲಿಪರ್ (ಕಾಲಿಗೆ ಆಸರೆಯಾಗಿ ಕಟ್ಟುವ ಪಟ್ಟಿ) ಹಾಕಿಕೊಂಡು ಓಡಾಡುತ್ತೇನೆ. ಒಂದು ಸರ್ಕಾರಿ ಕಚೇರಿಯಲ್ಲಿ ಎಸ್‌ಡಿಎ. ಹೋದ ವರ್ಷ ನಮ್ಮ ಶಾಖೆಯನ್ನು ಮಹಡಿ ಮೇಲೆ ಹಾಕಿದರು. ಲಿಫ್ಟ್ ಇಲ್ಲ. ಅದಕ್ಕಿಂತ ಕಷ್ಟ ಅಂದರೆ ಶೌಚಾಲಯ. ಇರುವುದು ಇಂಡಿಯನ್ ಕಮೋಡ್ ಮಾತ್ರ. ಕ್ಯಾಲಿಪರ್ ಹಾಕಿದವರಿಗೆ ಕುಕ್ಕರುಗಾಲಲ್ಲಿ ಕೂರಲು ಆಗುವುದಿಲ್ಲ. ಹಾಗಾಗಿ ಬೆಳಿಗ್ಗೆ ಮನೆಯಲ್ಲಿ ಅರ್ಧ ಲೋಟ ಕಾಫಿ ಕುಡಿದರೆ ಸಂಜೆವರೆಗೂ ನೀರು ಮುಟ್ಟುತ್ತಿರಲಿಲ್ಲ. ಬೇಸಿಗೆಯಲ್ಲೂ ಅಷ್ಟೇ. ನನ್ನಂಥ ಎಷ್ಟೋ ಹೆಣ್ಣುಮಕ್ಕಳು ಹೀಗೇ ದಿನ ತಳ್ಳುತ್ತಿದ್ದಾರೆ, ಯಾರಿಗೂ ಹೇಳುವುದಿಲ್ಲ.

ಸಾಹೇಬರಿಗೆ ಹೇಳಿದಾಗೆಲ್ಲ ಒಂದೇ ಉತ್ತರ: "ನೋಡೋಣಮ್ಮ, ಸದ್ಯಕ್ಕೆ ಅಡ್ಜಸ್ಟ್ ಮಾಡ್ಕೊಳ್ಳಿ."

ದಾರಿ ತೋರಿಸಿದ್ದು ನಮ್ಮ ತಾಲ್ಲೂಕು ಪಂಚಾಯಿತಿಯಲ್ಲಿ ವಿಕಲಚೇತನರ ಕೆಲಸ ನೋಡಿಕೊಳ್ಳುವ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಂಆರ್‌ಡಬ್ಲ್ಯು. "ಅಕ್ಕಾ, ಬಾಯಲ್ಲಿ ಕೇಳಿದ್ದಕ್ಕೆ ದಾಖಲೆ ಇರಲ್ಲ. ಸೆಕ್ಷನ್ ಹಾಕಿ ಬರೆದು ಕೊಡಿ" ಅಂದರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, ಸೆಕ್ಷನ್ 20. ನಮಗೆ ಕೆಲಸ ಮಾಡಲು ಬೇಕಾದ ಅನುಕೂಲ, ಅಡೆತಡೆ ಇಲ್ಲದ ಜಾಗ, ಎರಡನ್ನೂ ಸರ್ಕಾರಿ ಕಚೇರಿ ಒದಗಿಸಲೇಬೇಕು. ಸೆಕ್ಷನ್ 23ರ ಪ್ರಕಾರ ಕುಂದುಕೊರತೆ ಅಧಿಕಾರಿ ಇರಬೇಕು. ದೂರನ್ನು ರಿಜಿಸ್ಟರಿನಲ್ಲಿ ಬರೆದುಕೊಂಡು ಎರಡು ವಾರದೊಳಗೆ ವಿಚಾರಣೆ ಮಾಡಬೇಕು. ಅಲ್ಲಿ ಸಮಾಧಾನ ಸಿಗದಿದ್ದರೆ ಜಿಲ್ಲಾ ಮಟ್ಟದ ಸಮಿತಿಗೆ ಹೋಗಬಹುದು.

ಒಂದೇ ಪುಟದ ಅರ್ಜಿ ಬರೆದೆ, ಯುಡಿಐಡಿ (ವಿಕಲಚೇತನರ ಗುರುತಿನ) ಕಾರ್ಡಿನ ಜೆರಾಕ್ಸ್ ಲಗತ್ತಿಸಿದೆ. ಟಪಾಲು ಶಾಖೆಯಲ್ಲಿ ಕೊಟ್ಟು ನನ್ನ ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಂಡೆ. "ನಮ್ಮ ಕಚೇರಿಯವರೇ ಅಲ್ವಾ, ಸೀಲು ಯಾಕೆ ಮೇಡಂ?" ಅಂದರು. ಬೇಕು ಅಂತ ನಿಂತೆ. ದಯವಿಟ್ಟು ನೀವೂ ನಿಲ್ಲಿ. ಆ ಸೀಲು ಬಿದ್ದಮೇಲೆ ನನ್ನ ಟೇಬಲ್ ಮಹಡಿಯಿಂದ ಕೆಳಗಿಳಿದು ನೆಲಮಹಡಿಗೆ ಬಂತು. ವೆಸ್ಟರ್ನ್ ಕಮೋಡ್ ಮಾತ್ರ ಇನ್ನೂ ಆಗಿಲ್ಲ, "ಅನುದಾನ ಇಲ್ಲ" ಅಂತ ಹಿಂಬರಹ ಕೊಟ್ಟಿದ್ದಾರೆ. ಅದನ್ನೇ ಹಿಡಿದು ಜಿಲ್ಲಾ ಸಮಿತಿಗೆ ಬರೆದಿದ್ದೇನೆ. ಕಟ್ಟಡಗಳಲ್ಲಿ ಇಂಥ ಅನುಕೂಲಗಳಿಗೆ ಕನಿಷ್ಠ ಮಾನದಂಡ ಕಡ್ಡಾಯವಾಗಿ ಇರಬೇಕು, ಬರೀ ಸಲಹೆ ಆಗಿದ್ದರೆ ಸಾಲದು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ, ರಾಜೀವ್ ರತೂರಿ ಪ್ರಕರಣದಲ್ಲಿ ಹೇಳಿದೆ. ಅದನ್ನೂ ಅರ್ಜಿಯಲ್ಲಿ ಸೇರಿಸಿದೆ.

ಇನ್ನೊಂದು ಮಾತು. "ಕುಂಟಿಗೆ ಕೋಟಾದಲ್ಲಿ ಕೆಲಸ, ಮೇಲೆ ಇದೆಲ್ಲ ಬೇರೆ" ಅಂತ ಸಹೋದ್ಯೋಗಿಯೊಬ್ಬರು ಜನರ ಎದುರೇ ಅಂದರು. ಸರ್ಕಾರಿ ಕೆಲಸದಲ್ಲಿ ನಮಗಿರುವ ಕನಿಷ್ಠ 4 ಪರ್ಸೆಂಟ್ ಮೀಸಲಾತಿ ಯಾರೂ ಕೊಟ್ಟ ಭಿಕ್ಷೆ ಅಲ್ಲ, ಇದೇ ಕಾಯ್ದೆಯ ಸೆಕ್ಷನ್ 34. ನಾಲ್ಕು ಜನರ ಮುಂದೆ ಬೇಕಂತಲೇ ಅವಮಾನ ಮಾಡಿದರೆ ಸೆಕ್ಷನ್ 92ರಲ್ಲಿ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು, ದಂಡ ಬೇರೆ. ಆ ಪುಟದ ಪ್ರಿಂಟ್ ತೆಗೆದು ಅವರ ಟೇಬಲ್ ಮೇಲಿಟ್ಟೆ. ಆಮೇಲೆ ಅವರು ಆ ಮಾತೆತ್ತಿಲ್ಲ.

ಖಾಸಗಿಯಲ್ಲಿರುವವರಿಗೆ ರಕ್ಷಣೆ ಕಡಿಮೆ. ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದರೆ ಕೆಲಸದಿಂದ ತೆಗೆಯಬಾರದು ಅನ್ನುವ ನಿಯಮ ಸರ್ಕಾರಿ ನೌಕರರಿಗೆ ಮಾತ್ರ. ಇದು ನನ್ನ ಪ್ರಕಾರ ದೊಡ್ಡ ಅನ್ಯಾಯ. ಆದರೂ ಪ್ರತಿ ಕಂಪನಿಯೂ ಸಮಾನ ಅವಕಾಶ ನೀತಿ ಪ್ರಕಟಿಸಬೇಕು. ನಮಗೆ ಏನೇನು ಅನುಕೂಲ ಕೊಡುತ್ತಾರೆ ಅಂತ ಅದರಲ್ಲಿ ಬರೆದಿರಬೇಕು. ಎಚ್‌ಆರ್‌ಗೆ ಇಮೇಲ್ ಹಾಕಿ ಅದರ ಪ್ರತಿ ಕೇಳಿ. ಕೊಡದಿದ್ದರೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು, ಸಂಬಂಧಪಟ್ಟವರಿಗೆ ಸಮನ್ಸ್ ಕಳಿಸುವ ಅಧಿಕಾರ ಅವರಿಗಿದೆ.