ಸಾಲಮನ್ನಾ ಬೋರ್ಡ್ ಗೇಮ್: ತಾಮ್ರದ ದಾಳ ರೆಡಿ, ರಣಹದ್ದು ಕಾರ್ಡ್ ಬಾಕಿ

ಜಾಂಬಿಯಾ ಆಟ ಸ್ವಲ್ಪ ಮುಂದೆ ಹೋಗಿದೆ. ಗೊತ್ತಿಲ್ಲದವರಿಗೆ: ಆಫ್ರಿಕಾದ ಜಾಂಬಿಯಾ ದೇಶದ ಸಾಲ ಮನ್ನಾ ಮಾಡಿಸಲು ಚರ್ಚ್‌ಗಳು ಹೋರಾಡಿದ ಕಥೆ ಮೇಲೆ ನಾನು ಮಾಡುತ್ತಿರುವ ಬೋರ್ಡ್ ಗೇಮ್ ಇದು. ಆಡುವವರೆಲ್ಲರದ್ದೂ ಚರ್ಚ್‌ನವರ ಪಾತ್ರ, ಗೆದ್ದರೂ ಸೋತರೂ ಒಟ್ಟಿಗೇ. ಎದುರಾಳಿ ಅಂದರೆ ಬಡ್ಡಿ.

ಮೊದಲು ದಾಳ. ಜಾಂಬಿಯಾ ಬದುಕುವುದೇ ತಾಮ್ರ ಮಾರಿ. 1970ರ ದಶಕದಲ್ಲಿ ತಾಮ್ರದ ರೇಟು ಬಿತ್ತು, ತೈಲದ ರೇಟು ಏರಿತು, ಸರ್ಕಾರ ಸಾಲದ ಮೇಲೆ ಸಾಲ ಮಾಡಿತು. ಹಾಗಾಗಿ ದಾಳದ ಆರು ಮುಖದಲ್ಲಿ ನಾಲ್ಕು ಇಳಿಕೆಗೇ ಇಟ್ಟಿದ್ದೇನೆ. ಹಾಸನದ ಗೆಳೆಯರು ಇದು ಮೋಸ ಅಂತ ಗಲಾಟೆ ಮಾಡಿದರು. ಸಕಲೇಶಪುರದ ಕಾಫಿ ಬೆಳೆಗಾರರು ಮಾತ್ರ ತುಟಿ ಪಿಟಕ್ಕೆನ್ನದೆ ಆಡಿದರು, 2001ರ ಹೊತ್ತಿಗೆ ಕಾಫಿ ರೇಟು ಬಿದ್ದದ್ದು ನೋಡಿದವರು ಅಲ್ವಾ.

ತಲೆ ಕೆಡಿಸಿದ್ದು ಚರ್ಚ್‌ಗಳಿಗೆ ಏನು ಶಕ್ತಿ ಕೊಡಬೇಕು ಅನ್ನೋದು. ದುಡ್ಡು ಕೊಟ್ಟರೆ ಕಥೆಯೇ ಸುಳ್ಳು, ಸಾಲ ಮನ್ನಾ ಮಾಡುವ ಅಧಿಕಾರ ಅವರಿಗೆಲ್ಲಿತ್ತು? ಇದ್ದದ್ದು ಜನ, ಭಾನುವಾರದ ಬೋಧನೆ, ಮತ್ತೆ ಬೈಬಲ್‌ನ ಯಾಜಕಕಾಂಡದ 25ನೇ ಅಧ್ಯಾಯ: 50ನೇ ವರ್ಷ ಜೂಬಿಲಿ, ಮಾರಿಹೋದ ಜಮೀನು ವಾಪಸ್, ಜೀತಕ್ಕಿದ್ದವರು ಮನೆಗೆ. ಬಡ ದೇಶಗಳ ಸಾಲ ಮನ್ನಾ ಮಾಡಿ ಅಂತ ನಡೆದ ಜೂಬಿಲಿ 2000 ಚಳವಳಿ ಹೆಸರು ತೆಗೆದುಕೊಂಡದ್ದು ಅಲ್ಲಿಂದಲೇ. 1998ರ ಮೇ 16ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ದೊಡ್ಡ ದೇಶಗಳ ನಾಯಕರ ಜಿ8 ಸಭೆ ನಡೆಯುವಾಗ, ಈ ಚಳವಳಿಯ ಸುಮಾರು 70,000 ಜನ ಕೈ ಕೈ ಹಿಡಿದು ನಿಂತರು. ಅದನ್ನೇ ನಿಯಮ ಮಾಡಿದೆ: ಒಬ್ಬರೇ ಕಾಯಿ ಇಡುವಂತಿಲ್ಲ, ಪಕ್ಕದವರೂ ಒಂದು ಕೊಡಬೇಕು. ಪಕ್ಕದವರ ಕಾಯಿ ಖಾಲಿ ಆಗಿದ್ದರೆ ಸುಮ್ನೆ ಕೂರಬೇಕು.

ನನಗೆ ಜಾಸ್ತಿ ಇಷ್ಟ ಆದದ್ದು ಬುಟ್ಟಿ ಕಾರ್ಡ್. ಜಾಂಬಿಯಾದ ರಾಜಧಾನಿ ಲುಸಾಕಾದಲ್ಲಿ ಯೇಸುಸಭೆಯ (ಜೆಸ್ಯೂಟ್) ಪಾದ್ರಿಗಳ ಒಂದು ಕೇಂದ್ರ ಇದೆ. ಒಂದು ಕುಟುಂಬ ತಿಂಗಳು ದೂಡಲು ಎಷ್ಟು ದುಡ್ಡು ಬೇಕು ಅಂತ ಮೆಕ್ಕೆಜೋಳದ ಹಿಟ್ಟು, ಬೀನ್ಸ್, ಒಣಮೀನು ಎಲ್ಲದರ ಬೆಲೆ ಬರೆದು ಪ್ರತಿ ತಿಂಗಳು ಹೊರಗೆ ಹಾಕುತ್ತಾ ಬಂದಿದೆ. ಘೋಷಣೆಗಿಂತ ಈ ಪಟ್ಟಿ ಗಟ್ಟಿ. ಕಾರ್ಡ್‌ನಲ್ಲಿ ಅದನ್ನು ದಿನಸಿ ಚೀಟಿಯ ಹಾಗೇ ಬಿಡಿಸಿದ್ದೇನೆ.

ಇನ್ನು ರಣಹದ್ದು. ಬಡ ದೇಶಗಳ ಹಳೆ ಸಾಲ ಅಗ್ಗಕ್ಕೆ ಕೊಂಡು, ಕೇಸ್ ಹಾಕಿ ಪೂರ್ತಿ ವಸೂಲಿಗೆ ಇಳಿಯುವ ಫಂಡ್‌ಗಳಿಗೆ ಇರುವ ಹೆಸರು ಇದು. 1979ರಲ್ಲಿ ರೊಮೇನಿಯಾ ಜಾಂಬಿಯಾಕ್ಕೆ ಟ್ರ್ಯಾಕ್ಟರ್ ಮತ್ತಿತರ ಯಂತ್ರಗಳಿಗೆ ಕೊಟ್ಟ ಸಾಲವನ್ನು 1999ರಲ್ಲಿ ಒಂದು ಫಂಡ್ ಸುಮಾರು 33 ಲಕ್ಷ ಡಾಲರ್‌ಗೆ ಕೊಂಡು, 5.5 ಕೋಟಿ ಡಾಲರ್ ಕೊಡಿ ಅಂತ ಲಂಡನ್ನಿನಲ್ಲಿ ಕೇಸ್ ಹಾಕಿತು. 2007ರಲ್ಲಿ 1.5 ಕೋಟಿಗೂ ಜಾಸ್ತಿ ಗಿಟ್ಟಿಸಿತು. ಈ ಕಾರ್ಡ್ ಬಂದಾಗ ಟೇಬಲ್ ಮೇಲೆ ಬೈಗುಳ ಬೀಳಬೇಕು, ಇನ್ನೂ ಬೀಳುತ್ತಿಲ್ಲ. ನಿಯಮ ಉದ್ದವಾಯ್ತು, ಎರಡು ಸಾಲಿಗೆ ಇಳಿಸಬೇಕು.

ಆಟ ಎಲ್ಲಿ ಮುಗಿಯಬೇಕು? 2005ರಲ್ಲಿ ಅಂದರು ಹಲವರು. ಆಗಿನ ಸಾಲಮನ್ನಾದಿಂದ, ಸುಮಾರು 700 ಕೋಟಿ ಡಾಲರ್ ಇದ್ದ ಜಾಂಬಿಯಾದ ಸಾಲ 100 ಕೋಟಿಗಿಂತ ಕೆಳಗಿಳಿಯಿತು, 2006ರಲ್ಲಿ ಹಳ್ಳಿ ಆಸ್ಪತ್ರೆಗಳ ಫೀಸೂ ಹೋಯಿತು. ಆದರೆ 2020ರಲ್ಲಿ ಜಾಂಬಿಯಾ ಮತ್ತೆ ಕಂತು ಕಟ್ಟಲಾಗದೆ ನಿಂತಿತಲ್ಲ. ಅದಕ್ಕೇ ಇನ್ನೊಂದು ಸುತ್ತು ಸೇರಿಸಿದ್ದೇನೆ, ಕೈಯಲ್ಲಿ ಉಳಿದ ಕಾಯಿಗಳಲ್ಲೇ ಆಡಬೇಕು. ಚಿಕ್ಕಮಗಳೂರಿನ ಚರ್ಚ್ ಹುಡುಗರು ಮುಂದಿನ ವಾರ ಈ ಸುತ್ತನ್ನು ಆಡಿ ನೋಡುತ್ತಾರೆ.