ಡಿಯೆನ್ ಬಿಯೆನ್ ಫುಗೆ ಹೋದರೆ ಮೊದಲು ಗುಡ್ಡ ಹತ್ತಿ

ವಿಯೆಟ್ನಾಂಗೆ ಹೋಗುವ ನಮ್ಮವರು ಸಾಮಾನ್ಯವಾಗಿ ಹನೋಯ್, ಹಾ ಲಾಂಗ್, ಡಾ ನಾಂಗ್ ನೋಡಿ, ಕೊನೆಗೆ ಕು ಚಿ ಸುರಂಗದಲ್ಲಿ ಬಗ್ಗಿ ನಡೆದು ವಾಪಸ್ ಬರುತ್ತಾರೆ. ಕು ಚಿಯಲ್ಲಿ ಜಾಸ್ತಿ ಕೇಳಿಸುವುದು ಅಮೆರಿಕದ ಜೊತೆಗಿನ ಯುದ್ಧದ ಕಥೆ. ಅದಕ್ಕೂ ಮೊದಲು, 1946ರಿಂದ 1954ರವರೆಗೆ, ವಿಯೆಟ್ನಾಮಿನವರು ಫ್ರೆಂಚರ ವಿರುದ್ಧ ಎಂಟು ವರ್ಷ ಹೋರಾಡಿದ್ದರು. ಅದು ಮುಗಿದದ್ದು ಲಾವೋಸ್ ಗಡಿಯ ಹತ್ತಿರದ ಡಿಯೆನ್ ಬಿಯೆನ್ ಫು ಕಣಿವೆಯಲ್ಲಿ. ಅಲ್ಲಿಗೆ ಹೋಗುವ ಯೋಚನೆ ಇದ್ದವರಿಗೆ ಈ ಬರಹ.

ಹೋಗುವುದು ಹೇಗೆ? ಹನೋಯ್‌ನಿಂದ ವಿಮಾನದಲ್ಲಿ ಸುಮಾರು ಒಂದು ಗಂಟೆ. ಸ್ಲೀಪರ್ ಬಸ್ಸಿನಲ್ಲಾದರೆ ಹತ್ತು-ಹನ್ನೆರಡು ಗಂಟೆ, ಮೀ ದಿನ್ ಬಸ್ ನಿಲ್ದಾಣದಿಂದ ಹೊರಡುತ್ತದೆ. ನನ್ನ ಸಲಹೆ: ಹೋಗುವಾಗ ವಿಮಾನ, ಬರುವಾಗ ಹಗಲಿನ ಬಸ್ಸು. ವಿಮಾನ ಇಳಿಯುವಾಗ ಕಿಟಕಿ ಪಕ್ಕ ಕೂತುಕೊಳ್ಳಿ. ಸುತ್ತ ಬೆಟ್ಟ, ನಡುವೆ ಗದ್ದೆ, ಗದ್ದೆಯ ನಡುವೆ ರನ್‌ವೇ. 1953ರ ನವೆಂಬರ್ 20ರಂದು ಫ್ರೆಂಚ್ ಸೈನಿಕರು ಪ್ಯಾರಾಚೂಟ್ ಕಟ್ಟಿಕೊಂಡು ಧುಮುಕಿ ಹಿಡಿದದ್ದು ಇದೇ ವಿಮಾನ ನಿಲ್ದಾಣವನ್ನು. ಈಗಿನದು ಅದೇ ಜಾಗದಲ್ಲಿದೆ.

ಎಲ್ಲರೂ ಮೊದಲು ಮ್ಯೂಸಿಯಂಗೆ ಓಡುತ್ತಾರೆ. ಹಾಗೆ ಮಾಡಬೇಡಿ. ಬೆಳಿಗ್ಗೆ ಬಿಸಿಲು ಏರುವ ಮೊದಲೇ ಊರ ಮಧ್ಯದ ಡಿ1 ಗುಡ್ಡ ಹತ್ತಿ. ಮೇಲೆ 2004ರಲ್ಲಿ ನಿಲ್ಲಿಸಿದ ದೊಡ್ಡ ಕಂಚಿನ ವಿಜಯ ಸ್ಮಾರಕ ಇದೆ. ಮೆಟ್ಟಿಲು ತುಂಬಾ, ಮಂಡಿ ನೋವಿನವರು ನಿಧಾನವಾಗಿ ಹತ್ತಬೇಕು. ಸ್ಮಾರಕದ ಫೋಟೋ ತೆಗೆದುಕೊಂಡ ಮೇಲೆ ಅದಕ್ಕೆ ಬೆನ್ನು ಹಾಕಿ ನಿಲ್ಲಿ. ಕಣಿವೆ ಪೂರ್ತಿ ಕಾಣುತ್ತದೆ. ವಿಯೆಟ್ನಾಂ ನಾಯಕ ಹೊ ಚಿ ಮಿನ್ ಒಬ್ಬ ಪತ್ರಕರ್ತನಿಗೆ ಈ ಯುದ್ಧವನ್ನು ವಿವರಿಸಿದ್ದು ತಮ್ಮ ಟೋಪಿಯನ್ನು ಅಂಗಾತ ಇಟ್ಟು: ತಳದಲ್ಲಿ ಫ್ರೆಂಚರು, ಅಂಚಿನಲ್ಲಿ ನಾವು ಅಂತ. ಇಲ್ಲಿ ನಿಂತರೆ ಅದು ಕಣ್ಣಿಗೇ ಕಾಣುತ್ತದೆ.

ಹಾಗಾದರೆ ಫ್ರೆಂಚರು ತಳದಲ್ಲಿ ಯಾಕೆ ಕೂತರು? ದಡ್ಡರಂತೂ ಅಲ್ಲ. ಆ ಕಾಡುಬೆಟ್ಟಕ್ಕೆ ದೊಡ್ಡ ಫಿರಂಗಿ ಹತ್ತಿಸಲು ಯಾರಿಂದಲೂ ಆಗಲ್ಲ, ಹತ್ತಿಸಿದರೂ ಕ್ಷಣದಲ್ಲಿ ಉಡಾಯಿಸಬಹುದು ಅನ್ನುವ ಲೆಕ್ಕಾಚಾರ ಅವರದ್ದು. ಹೊ ಚಿ ಮಿನ್ ಅವರ ವಿಯೆತ್ ಮಿನ್ ಪಡೆ ಫಿರಂಗಿಗಳನ್ನು ಹಗ್ಗ ಕಟ್ಟಿ ಕೈಯಲ್ಲೇ ಎಳೆದು ತಂದಿತು. ಅಕ್ಕಿ, ಮದ್ದುಗುಂಡು ಹೆಗಲ ಮೇಲೆ ಮತ್ತು ಸೈಕಲ್ ಮೇಲೂ ಬಂದವು. 1954ರ ಮಾರ್ಚ್ 13ರ ಸಂಜೆ ಬೆಟ್ಟದಿಂದ ಗುಂಡು ಬೀಳತೊಡಗಿತು. ಹಿಮ್ ಲಾಮ್ ಗುಡ್ಡದ ಠಾಣೆ ಅದೇ ರಾತ್ರಿ ಫ್ರೆಂಚರ ಕೈತಪ್ಪಿತು. ಫ್ರೆಂಚ್ ಫಿರಂಗಿ ದಳದ ಮುಖ್ಯಸ್ಥ ಕರ್ನಲ್ ಪಿರೋ ಎರಡೇ ದಿನದಲ್ಲಿ ಗ್ರೆನೇಡ್ ಸಿಡಿಸಿಕೊಂಡು ಸತ್ತ. ಮಾರ್ಚ್ ಕೊನೆಯ ಹೊತ್ತಿಗೆ ರನ್‌ವೇ ಕೆಲಸಕ್ಕೆ ಬಾರದಂತಾಯಿತು. ಆಮೇಲೆ ಅನ್ನ, ಔಷಧಿ, ಗುಂಡು ಎಲ್ಲವೂ ಪ್ಯಾರಾಚೂಟಿನಲ್ಲೇ ಬೀಳಬೇಕು. ಗಾಯಾಳುಗಳನ್ನು ಹೊರಗೆ ಸಾಗಿಸಲು ದಾರಿಯೇ ಇಲ್ಲ.

ಡಿ1 ಇಳಿದು ಎ1 ಗುಡ್ಡಕ್ಕೆ ನಡೆದೇ ಹೋಗಬಹುದು. ಅತಿ ಘೋರ ಕಾದಾಟ ನಡೆದದ್ದು ಇಲ್ಲೇ. ಕಂದಕಗಳಿಗೆ ಈಗ ಸಿಮೆಂಟ್ ಬಳಿದಿದ್ದಾರೆ, ಮರಳಿನ ಚೀಲಗಳೂ ಸಿಮೆಂಟಿನವೇ. ಮಳೆಗೆ ಕುಸಿಯಬಾರದಲ್ಲ, ಸರಿ. ಆದರೂ ಪಾರ್ಕಿನಲ್ಲಿ ಓಡಾಡಿದ ಹಾಗೆ ಅನಿಸಿ ನನಗೆ ಹಿಡಿಸಲಿಲ್ಲ. ಮೇಲಿರುವ ಗುಂಡಿ ಮಾತ್ರ ಬೇರೆ ಥರ. ಗುಡ್ಡದ ಹೊಟ್ಟೆಗೆ ಸುರಂಗ ಕೊರೆದು, ಸುಮಾರು ಒಂದು ಟನ್ ಸ್ಫೋಟಕ ತುಂಬಿ, ಮೇ 6ರ ರಾತ್ರಿ ಸಿಡಿಸಿದ ಜಾಗ ಅದು. ಅಂಚಿಗೆ ಹುಲ್ಲು ಬೆಳೆದಿದೆ, ಒಳಗೆ ಇಳಿಜಾರು. ಪಕ್ಕದಲ್ಲೇ ಒಂದು ಫ್ರೆಂಚ್ ಟ್ಯಾಂಕ್ ತುಕ್ಕು ಹಿಡಿದು ನಿಂತಿದೆ. ಮರುದಿನ, ಮೇ 7ರ ಸಂಜೆ, ಫ್ರೆಂಚ್ ಸೇನಾಧಿಪತಿ ದ ಕಾಸ್ತ್ರಿ ಸೆರೆ ಸಿಕ್ಕ. ಅವನ ಬಂಕರ್ ನಾಮ್ ರೋಮ್ ನದಿಯ ಆಚೆಗಿದೆ. ಒಳಗೆ ನೋಡಲು ಹೆಚ್ಚೇನಿಲ್ಲ, ಹತ್ತು ನಿಮಿಷ ಸಾಕು.

ಎ1 ಎದುರಿನ ಸಮಾಧಿ ಸ್ಥಳವನ್ನು ತಪ್ಪಿಸಬೇಡಿ. ಆರುನೂರಕ್ಕೂ ಹೆಚ್ಚು ಸಮಾಧಿಗಳು, ಹೆಸರಿರುವುದು ನಾಲ್ಕಕ್ಕೆ ಮಾತ್ರ. ಆ ನಾಲ್ವರಲ್ಲಿ ಒಬ್ಬ ತೋ ವಿನ್ ದಿಯೆನ್, ಇಳಿಜಾರಿನಲ್ಲಿ ಜಾರುತ್ತಿದ್ದ ಫಿರಂಗಿಯ ಚಕ್ರಕ್ಕೆ ಮೈ ಅಡ್ಡ ಹಾಕಿ ಸತ್ತವನು. ಅಲ್ಲಿಗೆ ಊದುಬತ್ತಿ ಹಚ್ಚಲು ಬರುವ ಕುಟುಂಬಗಳಿರುತ್ತವೆ. ಟೋಪಿ ತೆಗೆಯಿರಿ, ಸೆಲ್ಫಿ ಬೇಡ.

ಮ್ಯೂಸಿಯಂ ಮಧ್ಯಾಹ್ನ ಊಟದ ಹೊತ್ತಿಗೆ ಮುಚ್ಚುತ್ತದೆ, ಆದ್ದರಿಂದ ಎರಡು ಗಂಟೆ ಮೇಲೆ ಹೋಗಿ. ಸರಕು ಹೊರುತ್ತಿದ್ದ ಸೈಕಲ್ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಹ್ಯಾಂಡಲ್‌ಗೆ ಉದ್ದದ ಬಿದಿರು ಕೋಲು ಕಟ್ಟಿರುತ್ತಾರೆ, ಸೀಟಿನ ಹಿಂದೆ ಇನ್ನೊಂದು. ಕೂತು ತುಳಿಯುವುದಕ್ಕಲ್ಲ, ಪಕ್ಕದಲ್ಲಿ ನಡೆಯುತ್ತಾ ತಳ್ಳುವುದಕ್ಕೆ. ಒಂದೊಂದು ಸೈಕಲ್ ಇನ್ನೂರು ಕೆ.ಜಿ.ಗೂ ಜಾಸ್ತಿ ಹೊರುತ್ತಿತ್ತು. ಮೇಲಿನ ಮಹಡಿಯಲ್ಲಿ ಸುತ್ತಲೂ ಆವರಿಸುವ ದೊಡ್ಡ ವರ್ಣಚಿತ್ರವಿದೆ. ಒಂದು ಮಾತು: ಇಲ್ಲಿ ಕಥೆ ಹೇಳುವವರು ಗೆದ್ದವರು. ತಮ್ಮ ಕಡೆ ಎಷ್ಟು ಜನ ಸತ್ತರು ಅನ್ನುವುದಕ್ಕಿಂತ ಹೇಗೆ ಗೆದ್ದರು ಅನ್ನುವುದಕ್ಕೇ ಒತ್ತು. ಸಮಾಧಿ ಸ್ಥಳ ನೋಡಿ ಬಂದಿದ್ದರೆ ಆ ಕೊರತೆ ತುಂಬುತ್ತದೆ.

ಇನ್ನೊಂದು ದಿನ ಮುವಾಂಗ್ ಫಾಂಗ್‌ಗೆ ಇಡಿ. ಊರಿನಿಂದ ಸುಮಾರು 30 ಕಿ.ಮೀ., ಬೆಟ್ಟದ ಕಾಡು. ವಿಯೆತ್ ಮಿನ್ ಸೇನಾಪತಿ ಜನರಲ್ ಜಿಯಾಪ್ ಯುದ್ಧ ನಡೆಸಿದ್ದು ಅಲ್ಲಿನ ಹುಲ್ಲು ಮಾಡಿನ ಗುಡಿಸಲಿನಿಂದ. ಮೊದಲು ಇತಿಹಾಸದ ಮೇಷ್ಟ್ರಾಗಿದ್ದ ಮನುಷ್ಯ. ಜನವರಿಯಲ್ಲೇ ದಾಳಿಗೆ ಎಲ್ಲ ಸಿದ್ಧವಾಗಿತ್ತು. ಅವಸರ ಮಾಡಿದರೆ ಸೋಲುತ್ತೇವೆ ಅಂತ ಕೊನೇ ಗಳಿಗೆಯಲ್ಲಿ ತಡೆದು, ಎಳೆದು ತಂದ ಫಿರಂಗಿಗಳನ್ನು ವಾಪಸ್ ಎಳೆಸಿದ. ತೋ ವಿನ್ ದಿಯೆನ್ ಸತ್ತದ್ದು ಹಾಗೆ ವಾಪಸ್ ಎಳೆಯುವಾಗಲೇ. ಕಾಡಿನಲ್ಲಿ ನಡೆಯುವ ದಾರಿ ಚೆನ್ನಾಗಿದೆ, ಆದರೆ ಮಳೆಗಾಲದಲ್ಲಿ ಜಾರುತ್ತದೆ. ಒಳ್ಳೆ ಹಿಡಿತದ ಶೂ ಬೇಕು.

ಅಲ್ಲಿಗೆ ಟ್ಯಾಕ್ಸಿ ಮಾಡಿಕೊಳ್ಳಿ, ಹೋಗಿ ಬರುವುದಕ್ಕೆ ಸೇರಿಸಿಯೇ ದರ ಮಾತಾಡಿ. ಬಾಡಿಗೆ ಬೈಕ್ ಸುಲಭವಾಗಿ ಸಿಗುತ್ತದೆ, ನಿಜ. ಆದರೆ ನಮ್ಮ ಆರ್‌ಟಿಓ ಕೊಡುವ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ 1949ರ ರಸ್ತೆ ಸಂಚಾರ ಒಪ್ಪಂದದ್ದು, ವಿಯೆಟ್ನಾಂ ಒಪ್ಪುವುದು 1968ರದ್ದು. ಬಿದ್ದು ಪೆಟ್ಟಾದರೆ ವಿಮೆಯವರು ಕೈ ಎತ್ತಬಹುದು. ವೀಸಾ ತಲೆನೋವಿಲ್ಲ, ಇ-ವೀಸಾ ಒಂದು ಬಾರಿಯ ಪ್ರವೇಶಕ್ಕೆ 25 ಡಾಲರ್. ಸರ್ಕಾರಿ ವೆಬ್‌ಸೈಟಿನಲ್ಲೇ ಮಾಡಿ.

ಸಸ್ಯಾಹಾರಿಗಳು "ಆನ್ ಚಾಯ್" ಅನ್ನುವುದನ್ನು ಕಲಿಯಿರಿ. ಜೊತೆಗೆ ಮೀನಿನ ಸಾಸ್ ಬೇಡ ಅಂತ ಫೋನಿನಲ್ಲಿ ಬರೆದು ತೋರಿಸಿ, ಸೊಪ್ಪಿಗೂ ಸುರಿದುಬಿಡುತ್ತಾರೆ. ಇಲ್ಲಿನ ಥಾಯ್ ಜನಾಂಗದವರ ಅಂಟಕ್ಕಿ ಅನ್ನ ಮತ್ತು ಚಾಮ್ ಚೇವ್ ಅನ್ನುವ ಖಾರದ ಮಸಾಲೆ ನಮ್ಮ ನಾಲಿಗೆಗೆ ಹೊಂದುತ್ತದೆ. ಆದರೂ ಚಟ್ನಿಪುಡಿ ಇಟ್ಟುಕೊಂಡಿರಿ.

ಮಾರ್ಚ್ ಒಳ್ಳೆ ಕಾಲ. ಬೆಟ್ಟದ ತುಂಬ ಬಿಳಿ ಮಂದಾರ ಅರಳಿರುತ್ತದೆ. ಮೇ 7ರ ಆಸುಪಾಸು ವಾರ್ಷಿಕೋತ್ಸವದ ಜನಸಂದಣಿ, ರೂಮು ಸಿಗುವುದು ಕಷ್ಟ. ಅದರ ಮರುದಿನವೇ, 1954ರ ಮೇ 8ರಂದು, ಜಿನೀವಾದಲ್ಲಿ ಇಂಡೋಚೀನಾದ ಮಾತುಕತೆ ಶುರುವಾಗಿತ್ತು. ಜುಲೈನಲ್ಲಿ ಒಪ್ಪಂದವಾಗಿ ದೇಶ ಎರಡು ಭಾಗವಾಯಿತು. ಕದನವಿರಾಮದ ಮೇಲೆ ಕಣ್ಣಿಡುವ ಆಯೋಗಕ್ಕೆ ಅಧ್ಯಕ್ಷ ಸ್ಥಾನ ಭಾರತದ್ದು.

ಬರುವಾಗ ಹಗಲಿನ ಬಸ್ಸು ಅಂದೆನಲ್ಲ, ಫಾ ದಿನ್ ಘಾಟಿಗಾಗಿ. ಸೈಕಲ್‌ಗಳು ಬಂದ ದಾರಿ ಅದು, ಫ್ರೆಂಚರು ಬಾಂಬ್ ಹಾಕುತ್ತಲೇ ಇದ್ದ ದಾರಿ. ತಿರುವು ಜಾಸ್ತಿ, ವಾಂತಿ ಮಾತ್ರೆ ಮೊದಲೇ ನುಂಗಿ. ಸಮಯವಿದ್ದರೆ ಸೋನ್ ಲಾದಲ್ಲಿ ಇಳಿದು 1908ರಲ್ಲಿ ಫ್ರೆಂಚರು ಕಟ್ಟಿದ ಜೈಲು ನೋಡಿ. ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ಹನೋಯ್ ಬಸ್ ಹಿಡಿಯಬಹುದು.